ಲೇಖನಗಳ ಒತ್ತಡ ಮತ್ತು ಸಂಪಾದಕನ ನಿರ್ಣಯ: ‘ಫಿಸಿಕಲ್ ರಿವ್ಯೂ’ ಪತ್ರಿಕೆಯ ಅನುಭವ

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ 1893ರಲ್ಲಿ ಆರಂಭವಾದ ಭೌತವಿಜ್ಞಾನ ಪತ್ರಿಕೆ ‘ಫಿಸಿಕಲ್ ರಿವ್ಯೂ’. 1913ರಲ್ಲಿ ಅಮೆರಿಕನ್ ಫಿಸಿಕಲ್ ಸೊಸೈಟಿ ಅದರ ಹೊಣೆಯನ್ನು ವಹಿಸಿಕೊಂಡಿತು. ಪ್ರಬಂಧಗಳು ಹೆಚ್ಚಿದಂತೆ ಪುಟಗಳನ್ನು ಹೆಚ್ಚಿಸಬಹುದಿತ್ತು. ಯಾವುದನ್ನು ಯಾವ ಆಧಾರದ ಮೇಲೆ ಕೈಬಿಡಬೇಕೆಂಬ ನಿರ್ಣಯ ಅಷ್ಟು ಸುಲಭವಾಗಿರಲಿಲ್ಲ.

1936ರಲ್ಲಿ ಐನ್‌ಸ್ಟೈನ್ ಮತ್ತು ನೇಥನ್ ರೋಸೆನ್ ಅವರು ಗುರುತ್ವ ತರಂಗಗಳು ಇರಲಾರವೆಂದು ವಾದಿಸುವ ಪ್ರಬಂಧವೊಂದನ್ನು ಈ ಪತ್ರಿಕೆಗೆ ಕಳುಹಿಸಿದರು. ಲೇಖಕರ ಕೀರ್ತಿಯನ್ನು ಕಂಡು ಹಾಗೆಯೇ ಅಚ್ಚಿಗೆ ಕಳುಹಿಸಬಹುದಾಗಿದ್ದರೂ ಸಂಪಾದಕ ಜಾನ್ ಟೇಟ್ ಅದನ್ನು ತಜ್ಞರೊಬ್ಬರ ಪರಿಶೀಲನೆಗೆ ಒಪ್ಪಿಸಿದರು. ತಜ್ಞರು ವಾದದಲ್ಲಿದ್ದ ದೋಷವನ್ನು ವಿವರವಾಗಿ ತೋರಿಸಿಕೊಟ್ಟರು. ಅಚ್ಚಾಗುವ ಮುನ್ನ ಅದನ್ನು ಅನ್ಯರಿಗೆ ತೋರಿಸಲು ತಾವು ಅನುಮತಿ ನೀಡಿರಲಿಲ್ಲವೆಂದು ಐನ್‌ಸ್ಟೈನ್ ಅಸಮಾಧಾನದಿಂದ ಪ್ರಬಂಧವನ್ನು ಹಿಂತೆಗೆದುಕೊಂಡರು. ಆದರೆ 1937ರಲ್ಲಿ ಅದು ಮತ್ತೊಂದು ಪತ್ರಿಕೆಯಲ್ಲಿ ಪ್ರಕಟವಾದಾಗ ಅದರ ತೀರ್ಮಾನವೇ ಬದಲಾಗಿತ್ತು! ಪರಿಶೀಲಿಸಿದವರು ಎಚ್. ಪಿ. ರಾಬರ್ಟ್‌ಸನ್ ಎಂಬ ಸಂಗತಿ 2005ರಲ್ಲಿ ಬೆಳಕಿಗೆ ಬಂದಿತು.

ಎರಡನೆಯ ಮಹಾಯುದ್ಧದ ತರುವಾಯ ಭೌತವಿಜ್ಞಾನದ ಸಂಶೋಧನೆ ಹಲವು ಪಟ್ಟು ವಿಸ್ತರಿಸಿತು. ಸಂಪಾದಕ ಸ್ಯಾಮ್ಯುಯೆಲ್ ಗೌಡ್‌ಸ್ಮಿಟ್ ಅವರು ತುರ್ತಾಗಿ ಪ್ರಕಟವಾಗಬೇಕಾದ ಕಿರುವರದಿಗಳನ್ನು ಬೇರ್ಪಡಿಸಿ 1958ರಲ್ಲಿ ‘ಫಿಸಿಕಲ್ ರಿವ್ಯೂ ಲೆಟರ್ಸ್’ ಪತ್ರಿಕೆಯನ್ನು ಆರಂಭಿಸಿದರು. ಅದಕ್ಕೂ ಲೇಖನಗಳು ಬಂದು ತುಂಬತೊಡಗಿದವು. ಸೂಕ್ಷ್ಮತರಂಗಗಳನ್ನು ವರ್ಧಿಸುವ ‘ಮೇಸರ್’ ಸಾಧನವನ್ನು ಕುರಿತ ಬರಹಗಳು ಅತಿಯಾದಾಗ, ಆ ವಿಷಯಕ್ಕೆ ಇನ್ನು ತ್ವರಿತ ಪ್ರಕಟಣೆಯ ಅಗತ್ಯವಿಲ್ಲವೆಂದು ಗೌಡ್‌ಸ್ಮಿಟ್ ಸಾರಿದರು. ಸಂಪಾದಕನ ಮೇಜಿನ ಮೇಲಿನ ರಾಶಿಯನ್ನು ನೆನೆದರೆ ಈ ಕ್ರಮ ಅಸಹಜವೇನಲ್ಲ.

1960ರ ಮೇ 16ರಂದು ಥಿಯೊಡೋರ್ ಮೈಮನ್ ಅವರು ಮಾಣಿಕ್ಯದ ಹರಳನ್ನು ಬಳಸಿ ಜಗತ್ತಿನ ಮೊದಲ ಲೇಸರನ್ನು ಬೆಳಗಿಸಿದರು. ಅವರು ಕಳುಹಿಸಿದ ವರದಿಯ ಶೀರ್ಷಿಕೆಯಲ್ಲಿದ್ದುದು ‘ಲೇಸರ್’ ಎಂಬ ಪದವಲ್ಲ, ‘ಮೇಸರ್’ ಎಂಬುದೇ. ಮತ್ತೊಂದು ಮೇಸರ್ ಲೇಖನವೆಂದು ಭಾವಿಸಿ ಪತ್ರಿಕೆ ಅದನ್ನು ಹಿಂದಿರುಗಿಸಿತು. ಆಗಸ್ಟ್ 6ರಂದು ಬ್ರಿಟನ್ನಿನ ‘ನೇಚರ್’ ಆ ಶೋಧವನ್ನು ಪುಟ್ಟ ಟಿಪ್ಪಣಿಯಾಗಿ ಪ್ರಕಟಿಸಿತು. ಟೇಟ್ ಅವರ ಕಾಲದಲ್ಲಿ ಲೇಖಕನ ಹೆಸರನ್ನು ಬದಿಗಿರಿಸಿ ವಾದವನ್ನು ಪರೀಕ್ಷಿಸಿದ ಪತ್ರಿಕೆಯೇ ಇಲ್ಲಿ ವಿಷಯದ ಹೆಸರಿಗೆ ಸೋತಿತೆನ್ನಬೇಕು.

1970ರಲ್ಲಿ ‘ಫಿಸಿಕಲ್ ರಿವ್ಯೂ’ವನ್ನು ವಿಷಯಾನುಸಾರ ಎ, ಬಿ, ಸಿ, ಡಿ ಎಂಬ ನಾಲ್ಕು ಪತ್ರಿಕೆಗಳಾಗಿ ವಿಭಜಿಸಲಾಯಿತು, 1993ರಲ್ಲಿ ಐದನೆಯದಾದ ‘ಇ’ ಸೇರಿತು. ಓದುಗನಿಗೆ ತನ್ನ ಕ್ಷೇತ್ರದ ಬರಹಗಳು ಒಂದೆಡೆ ದೊರೆಯುವಂತಾದರೂ, ಪ್ರತಿಯೊಂದು ಪ್ರಬಂಧವನ್ನೂ ಓದಿ ತೂಗಬಲ್ಲ ತಜ್ಞರನ್ನು ಹುಡುಕುವ ಹೊಣೆ ಸಂಪಾದಕರಲ್ಲೇ ಉಳಿಯಿತು.