ಐಸ್ ಹಾಕಿ ರಾಷ್ಟ್ರೀಯ ತಂಡಗಳಲ್ಲಿ ಗೋಲ್‌ಕೀಪರ್‌ಗಳ ಮೀಸಲು ಬಲ

ಐಸ್ ಹಾಕಿಯಲ್ಲಿ ಗೋಲ್‌ಕೀಪರ್‌ಗಳ ಮೀಸಲು ಬಲ ಎಂದರೆ, ತಂಡದ ಮೊದಲ ಗೋಲ್‌ಕೀಪರ್ ಗಾಯಗೊಂಡಾಗ ಅಥವಾ ಲಯ ಕಳೆದುಕೊಂಡಾಗ ಆ ಸ್ಥಾನವನ್ನು ಸಮರ್ಥವಾಗಿ ತುಂಬಬಲ್ಲ ಇತರ ಗೋಲ್‌ಕೀಪರ್‌ಗಳು ಆ ದೇಶಕ್ಕೆ ಲಭ್ಯವಿರುವುದು. ಒಲಿಂಪಿಕ್ಸ್‌ನ ಪುರುಷರ ತಂಡಗಳು ಸಾಮಾನ್ಯವಾಗಿ ಮೂವರು ಗೋಲ್‌ಕೀಪರ್‌ಗಳನ್ನು ಆಯ್ಕೆ ಮಾಡುತ್ತವೆ. ನಾಕೌಟ್ ಹಂತದ ಒಂದೇ ಸೋಲು ಚಿನ್ನದ ಆಸೆಯನ್ನು ಕೊನೆಗೊಳಿಸುವುದರಿಂದ ಈ ಆಯ್ಕೆ ಮಹತ್ವದ್ದಾಗಿದೆ.

ಹೋಲಿಕೆಯ ಮಾನದಂಡ

ಗೋಲಿನತ್ತ ಬಂದ ಹೊಡೆತಗಳಲ್ಲಿ ಎಷ್ಟು ಪಾಲು ತಡೆಯಲಾಯಿತು ಎಂಬುದು ಮುಖ್ಯ ಅಳತೆ. 30 ಹೊಡೆತಗಳಲ್ಲಿ 27ನ್ನು ತಡೆದರೆ ಈ ಪ್ರಮಾಣ 0.900 ಆಗುತ್ತದೆ. ಆದರೆ ಒಲಿಂಪಿಕ್ಸ್‌ನಲ್ಲಿ ಪಂದ್ಯಗಳ ಸಂಖ್ಯೆ ಕಡಿಮೆಯಿರುವುದರಿಂದ, ಲೀಗ್‌ನ ದೀರ್ಘ ಋತುವಿನ ಅಂಕಿಅಂಶಗಳು ಅಲ್ಲಿನ ಫಲಿತಾಂಶವನ್ನು ಖಚಿತವಾಗಿ ಸೂಚಿಸಲಾರವು.

ಪ್ರಮುಖ ತಂಡಗಳು

ಕೆನಡಾ: 2002ರ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸ್‌ನ ಮೊದಲ ಪಂದ್ಯದಲ್ಲಿ ಕೆನಡಾ ಸ್ವೀಡನ್‌ಗೆ 5–2ರಿಂದ ಸೋತಿತು. ಬಳಿಕ ಕರ್ಟಿಸ್ ಜೋಸೆಫ್ ಅವರ ಸ್ಥಾನಕ್ಕೆ ಬಂದ ಮಾರ್ಟಿನ್ ಬ್ರೋಡರ್ ತಂಡವನ್ನು ಚಿನ್ನದತ್ತ ಒಯ್ದರು. 2010ರಲ್ಲಿ ವ್ಯಾಂಕೂವರ್‌ನಲ್ಲಿ ಅಮೆರಿಕದ ಎದುರು 5–3ರಿಂದ ಸೋತ ನಂತರ ಬ್ರೋಡರ್ ಅವರೇ ಹಿಂದೆ ಸರಿಯಬೇಕಾಯಿತು. ಮುಂದಿನ ಪಂದ್ಯಗಳನ್ನು ಆಡಿದ ರಾಬರ್ಟೊ ಲುವಾಂಗೊ ಚಿನ್ನ ಗೆದ್ದರು.

ಫಿನ್‌ಲ್ಯಾಂಡ್: 2006ರ ಟುರಿನ್ ಒಲಿಂಪಿಕ್ಸ್‌ಗೆ ಮೀಕ್ಕಾ ಕಿಪ್ರುಸೋಫ್ ಮತ್ತು ಕಾರಿ ಲೆಹ್ಟೋನೆನ್ ಇಬ್ಬರೂ ಲಭ್ಯರಿರಲಿಲ್ಲ. ಅವಕಾಶ ಪಡೆದ ಆಂಟೆರೊ ನೀಟ್ಟಿಮ್ಯಾಕಿ ಕ್ರೀಡಾಕೂಟದ ಅತ್ಯಮೂಲ್ಯ ಆಟಗಾರರೆನಿಸಿದರು. ತಂಡ ಬೆಳ್ಳಿ ಗೆದ್ದಿತು.

ಸ್ವೀಡನ್: 2002ರ ಕ್ವಾರ್ಟರ್ ಫೈನಲ್‌ನಲ್ಲಿ ಬೆಲಾರುಸ್‌ನ ವ್ಲಾದಿಮಿರ್ ಕೊಪಾತ್ ದೂರದಿಂದ ಹೊಡೆದ ಪಕ್, ಗೋಲ್‌ಕೀಪರ್ ಟಾಮಿ ಸಾಲೊ ಅವರಿಗೆ ಬಡಿದು ಗೋಲಿನೊಳಗೆ ಸೇರಿತು. ಸ್ವೀಡನ್ 4–3ರಿಂದ ಸೋತು ಹೊರಬಿತ್ತು. 2006ರಲ್ಲಿ ಹೊಸ ಗೋಲ್‌ಕೀಪರ್ ಹೆನ್ರಿಕ್ ಲುಂಡ್‌ಕ್ವಿಸ್ಟ್ ಅವರೊಂದಿಗೆ ಫಿನ್‌ಲ್ಯಾಂಡ್ ತಂಡವನ್ನು 3–2ರಿಂದ ಮಣಿಸಿ ಚಿನ್ನ ಪಡೆಯಿತು.

ಅಮೆರಿಕ: 2010ರಲ್ಲಿ ಈ ತಂಡದಲ್ಲಿ ರಯಾನ್ ಮಿಲ್ಲರ್, ಟಿಮ್ ಥಾಮಸ್ ಮತ್ತು ಜೊನಾಥನ್ ಕ್ವಿಕ್ ಇದ್ದರು. ಮಿಲ್ಲರ್ ಅತ್ಯಮೂಲ್ಯ ಆಟಗಾರರೆನಿಸಿದರೂ, ಹೆಚ್ಚುವರಿ ಅವಧಿಗೆ ಸಾಗಿದ ಫೈನಲ್‌ನಲ್ಲಿ ತಂಡ ಕೆನಡಾಕ್ಕೆ 3–2ರಿಂದ ಸೋತಿತು.

ಮೀಸಲು ಬಲದ ಮಿತಿ

ಒಬ್ಬನೇ ಅಸಾಮಾನ್ಯ ಗೋಲ್‌ಕೀಪರ್ ಈ ಲೆಕ್ಕಾಚಾರವನ್ನು ಬುಡಮೇಲು ಮಾಡಬಲ್ಲನು. 1998ರ ನಾಗಾನೊ ಒಲಿಂಪಿಕ್ಸ್‌ನ ಸೆಮಿಫೈನಲ್ ಶೂಟ್‌ಔಟ್‌ನಲ್ಲಿ ಜೆಕ್ ಗಣರಾಜ್ಯದ ಡೊಮಿನಿಕ್ ಹಾಶೆಕ್ ಕೆನಡಾದ ಐದೂ ಪ್ರಯತ್ನಗಳನ್ನು ವಿಫಲಗೊಳಿಸಿದರು. ಫೈನಲ್‌ನಲ್ಲಿ ಜೆಕ್ ತಂಡ ರಷ್ಯಾವನ್ನು 1–0ಯಿಂದ ಸೋಲಿಸಿತು. 2025ರ ಫೆಬ್ರವರಿಯಲ್ಲಿ ಬಾಸ್ಟನ್‌ನಲ್ಲಿ ನಡೆದ ನಾಲ್ಕು ರಾಷ್ಟ್ರಗಳ ಸ್ಪರ್ಧೆಯ ಫೈನಲ್‌ನಲ್ಲಿ, ಹೆಚ್ಚು ಖ್ಯಾತರಾಗಿದ್ದ ಅಮೆರಿಕದ ಕಾನರ್ ಹೆಲೆಬಕ್ ಅವರ ಎದುರು ಜೋರ್ಡನ್ ಬಿನ್ನಿಂಗ್ಟನ್ ಕಾವಲಿದ್ದ ಕೆನಡಾ 3–2ರಿಂದ ಗೆದ್ದಿತು. ಮೀಸಲು ಬಲವು ಅವಘಡಗಳಿಂದ ತಂಡವನ್ನು ಕಾಪಾಡುತ್ತದೆಯಾದರೂ ಗೆಲುವಿನ ಖಾತರಿ ನೀಡುವುದಿಲ್ಲ.