ವಿಷಲ್‌ಗೆ ಮುಂಚಿನ ಇಪ್ಪತ್ತು ನಿಮಿಷ

ಭಾನುವಾರ ಬೆಳಿಗ್ಗೆ ಆರೂಮುಕ್ಕಾಲು. ಬೆಂಗಳೂರು ದಂಡಿನ ಕಡೆಯ ಒಂದು ಮಣ್ಣಿನ ಮೈದಾನ. ರಾತ್ರಿಯ ತುಂತುರಿಗೆ ಕೆಂಪು ಧೂಳು ಅಡಗಿದೆ. ಗೋಲ್‌ಕಂಬಗಳ ನಡುವೆ, ಗೋಲ್‌ಕೀಪರ್‌ಗಳು ತುಳಿದೂ ತುಳಿದೂ ತಗ್ಗಾದಲ್ಲಿ, ನೀರು ನಿಂತಿದೆ. ಒಂದೊಂದೇ ಸ್ಕೂಟರ್ ಒಳಗೆ ಬರುತ್ತಿದೆ: ಮುಂದೆ ಬ್ಯಾಗು, ಹಿಂದೆ ಅರೆನಿದ್ದೆಯ ಆಟಗಾರ. ಬೆನ್ನ ಮೇಲೆ ಹತ್ತು ಅಂದರೆ ಮೆಸ್ಸಿ, ಏಳು ಅಂದರೆ ರೊನಾಲ್ಡೊ, ಹನ್ನೊಂದು ಅಂದರೆ ನಮ್ಮ ಛೇತ್ರಿ. ಈ ಸುತ್ತಮುತ್ತ ಫುಟ್‌ಬಾಲ್ ಹೊಸ ಹುಚ್ಚೇನಲ್ಲ. ಹಲಸೂರಿನ ಪಕ್ಕದ ಗೌತಮಪುರದಲ್ಲಿ ಪೆಲೆಗೆ ಪ್ರತಿಮೆಯೇ ಇದೆ. 2023ರ ಮಾರ್ಚ್‌ನಲ್ಲಿ ಕರ್ನಾಟಕ ತಂಡ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ, 54 ವರ್ಷದ ಮೇಲೆ ಸಂತೋಷ್ ಟ್ರೋಫಿ ಗೆದ್ದದ್ದು ಇಲ್ಲಿನವರಿಗೆ ಇನ್ನೂ ಹಳೆಯ ಸುದ್ದಿಯಾಗಿಲ್ಲ.

ಇವತ್ತು ಹದಿನಾಲ್ಕರೊಳಗಿನವರ ಟೂರ್ನಮೆಂಟು. ಹುಡುಗ ಹುಡುಗಿಯರು ಕಲೆತ ತಂಡ.

‘ಬಾಲ್ ಕೊಡಿ ಸಾರ್.’

‘ಇಪ್ಪತ್ತು ನಿಮಿಷ ಆಗ್ಲಿ.’

ಚೆಂಡುಗಳ ಬಲೆಚೀಲ ಕೋಚ್ ಕಾಲಡಿಯಲ್ಲೇ ಉಳಿಯುತ್ತದೆ. ಅವರು ಆರು ಜೊತೆ ಕೋನ್‌ಗಳನ್ನು ಎರಡು ಸಾಲಾಗಿ ಇಟ್ಟು ಮಕ್ಕಳನ್ನು ಇಬ್ಬಿಬ್ಬರಾಗಿ ಓಡಿಸುತ್ತಾರೆ. ಮೊದಲು ನಿಧಾನದ ಓಟ. ಆಮೇಲೆ ಪ್ರತಿ ಕೋನ್ ಬಳಿ ನಿಂತು, ಮಂಡಿ ಎತ್ತಿ ಸೊಂಟದ ಕೀಲನ್ನು ಹೊರಕ್ಕೆ ತಿರುಗಿಸುವುದು. ಮುಂದಿನ ಸುತ್ತಿನಲ್ಲಿ ಒಳಕ್ಕೆ. ಅದಾದ ಮೇಲೆ ಜೊತೆಗಾರನ ಸುತ್ತ ಒಂದು ಪ್ರದಕ್ಷಿಣೆ, ಭುಜಕ್ಕೆ ಭುಜ ತಾಗಿಸಿ ಒಂದು ನೆಗೆತ. ಕಲ್ಲುಬೆಂಚಿನ ಮೇಲಿರುವ ತಂದೆತಾಯಿಯರೆಲ್ಲ ಫೋನ್ ನೋಡುತ್ತಿದ್ದಾರೆ. ಪಂದ್ಯ ಶುರುವಾದ ಮೇಲೆ ಇವರೇ ಗಂಟಲು ಹರಿಯುವಂತೆ ಕೂಗುವವರು. ನನ್ನ ಮಟ್ಟಿಗೆ ಈ ಬೆಳಿಗ್ಗೆ ನೋಡಬೇಕಾದ್ದು ಪಂದ್ಯಕ್ಕಿಂತ ಇದೇ.

ಈ ಕಸರತ್ತಿಗೆ ‘ಫಿಫಾ ಇಲೆವೆನ್ ಪ್ಲಸ್’ ಎಂದು ಹೆಸರು. ಬರಿಗೈಯಲ್ಲಿ ಮಾಡುವಂಥದ್ದು, ಮಷೀನು ಬೇಡ, ಕಾಸು ಬೇಡ. ನಾರ್ವೆಯಲ್ಲಿ 13ರಿಂದ 17ರ ಪ್ರಾಯದ ಸುಮಾರು 1,900 ಹುಡುಗಿಯರ ಮೇಲೆ ಇದನ್ನು ಪರೀಕ್ಷಿಸಿ ನೋಡಿದರು. 2008ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಕ್ರಮವಾಗಿ ಮಾಡಿದ ತಂಡಗಳಲ್ಲಿ ಗಂಭೀರ ಗಾಯಗಳು ಹೆಚ್ಚುಕಡಿಮೆ ಅರ್ಧಕ್ಕಿಳಿದಿದ್ದವು. ಹದಿಮೂರರೊಳಗಿನ ಮಕ್ಕಳಿಗೆಂದು ಬೇರೆಯದೇ ಒಂದು ಮಾದರಿ ಬಂತು. ಸ್ವಿಟ್ಜರ್ಲೆಂಡ್, ಜರ್ಮನಿ, ಚೆಕ್, ನೆದರ್ಲೆಂಡ್ಸ್‌ಗಳಲ್ಲಿ ಅದರಿಂದಲೂ ಹತ್ತಿರ ಹತ್ತಿರ ಅಷ್ಟೇ ಫಲ ಸಿಕ್ಕಿತು. ಆದರೆ ವಾರಕ್ಕೆ ಎರಡು ಸಲವಾದರೂ ಮಾಡಬೇಕು. ಫೈನಲ್ ದಿನ ಮಾತ್ರ ಮಾಡಿದರೆ ಬೆವರಷ್ಟೇ ಲಾಭ.

ಈಗ ಮಕ್ಕಳು ಮಂಡಿಯೂರಿ ಕೂತಿದ್ದಾರೆ. ಹಿಂದಿನವನು ಮುಂದಿನವನ ಹಿಮ್ಮಡಿಯ ಮೇಲ್ಭಾಗವನ್ನು ಒತ್ತಿ ಹಿಡಿದಿದ್ದಾನೆ. ಮುಂದಿನವನು ಸೊಂಟ ಬಗ್ಗಿಸದೆ, ಇಡೀ ಮೈಯನ್ನು ನೆಟ್ಟಗಿಟ್ಟುಕೊಂಡೇ ನಿಧಾನಕ್ಕೆ ಮುಂದಕ್ಕೆ ವಾಲಬೇಕು. ತೊಡೆಯ ಹಿಂಬದಿಯ ಸ್ನಾಯು ಎಳೆದು ಹಿಡಿಯುವಷ್ಟು ಹೊತ್ತು ಹಿಡಿದು, ಕೊನೆಗೆ ಕೈ ಊರಬೇಕು. ಮೂರನೆಯದಕ್ಕೇ ಎಲ್ಲರೂ ಕೆಸರಿಗೆ ಮುಖ ಕೊಟ್ಟು ಬೀಳುತ್ತಾರೆ. ಓಡುವಾಗ ‘ಹ್ಯಾಮ್‌ಸ್ಟ್ರಿಂಗ್ ಹಿಡೀತು’ ಎಂದು ಕುಂಟುತ್ತಾ ಹೊರಬರುತ್ತಾರಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆಯ ತಡೆ ಕಡಿಮೆ.

ಕೊನೆಗೆ ನೆಗೆತ. ಇಲ್ಲಿ ಕೋಚ್ ಕಣ್ಣು ಮಿಟುಕಿಸುವುದಿಲ್ಲ. ಎತ್ತರದ ಹುಡುಗಿಯೊಬ್ಬಳು ಹಾರಿ ಇಳಿದಾಗ ಎರಡೂ ಮಂಡಿ ಒಂದಕ್ಕೊಂದು ಹತ್ತಿರವಾಗಿ ಒಳಕ್ಕೆ ಬಾಗಿದವು.

‘ಇನ್ನೊಂದ್ಸಲ. ಮಂಡಿ ನಿನ್ ಕಾಲ್ಬೆರಳಿನ ನೇರಕ್ಕೇ ಇರ್ಬೇಕು. ಸದ್ದಾಗ್ಬಾರ್ದು.’

ಮಂಡಿಯೊಳಗಿನ ಮುಂದಿನ ಅಡ್ಡಕಟ್ಟು, ಅಂದರೆ ಎಲ್ಲರೂ ಎ.ಸಿ.ಎಲ್. ಎನ್ನುವ ನಾರುಪಟ್ಟಿ, ಬಹಳ ಸಲ ಹರಿಯುವುದು ಯಾರೂ ಮುಟ್ಟದಿದ್ದಾಗಲೇ. ಜೋರಾಗಿ ಓಡುತ್ತಾ ಗಕ್ಕನೆ ನಿಂತಾಗ, ದಿಕ್ಕು ತಿರುಗಿಸಿದಾಗ, ಒಂಟಿಕಾಲಲ್ಲಿ ಇಳಿದಾಗ ಮಂಡಿ ಹೀಗೆ ಒಳಗೆ ಕುಸಿಯುತ್ತದೆ. ಹುಡುಗರಿಗಿಂತ ಹುಡುಗಿಯರಿಗೆ ಈ ಅಪಾಯ ಎರಡು ಮೂರು ಪಟ್ಟು. ಹರಿದರೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ, ಆಮೇಲೆ ಕಡಿಮೆಯೆಂದರೂ ಒಂಬತ್ತು ತಿಂಗಳು ಮೈದಾನದ ಹೊರಗೆ. ಜನ ಇದನ್ನು ‘ಗ್ರಹಚಾರ’ ಅನ್ನುತ್ತಾರೆ. ಆ ಗ್ರಹಚಾರ ಏಳೂ ಐದಕ್ಕೆ, ಯಾವ ಎದುರಾಳಿಯೂ ಇಲ್ಲದ ಕಡೆ, ನಮ್ಮ ಕಣ್ಣೆದುರಿಗೇ ಇಳಿದು ತೋರಿಸಿತು. ಐದಾರು ಸಲ ತಿದ್ದಿದ ಮೇಲೆ ಹುಡುಗಿ ಸದ್ದಿಲ್ಲದೆ ಇಳಿದಳು.

ವಿಷಲ್‌ಗೆ ಮುಂಚೆ ಸಲಕರಣೆ ತಪಾಸಣೆ. ಶಿನ್‌ಗಾರ್ಡ್ ಇಲ್ಲದೆ ಆಡುವಂತಿಲ್ಲ, ಅದು ಆಟದ ಕಾನೂನೇ. ಒಬ್ಬನ ಕಾಲುಚೀಲದಿಂದ ನೋಟ್‌ಬುಕ್ಕಿನ ರಟ್ಟು ಹೊರಬಂತು! ಇನ್ನೊಬ್ಬನದು ಅಣ್ಣನ ಬೂಟು, ತುದಿಗೆ ಪೇಪರ್ ತುರುಕಿದ್ದಾನೆ. ಹೀಗೆ ಜಾರಾಡುವ ಬೂಟಿನಲ್ಲೇ ಪಾದ ಉಳುಕುವುದು. ಗಂಟೆಗಿಷ್ಟು ಅಂತ ಬಾಡಿಗೆಗೆ ಸಿಗುವ ಪ್ಲಾಸ್ಟಿಕ್ ಹುಲ್ಲಿನ ಟರ್ಫ್‌ನಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲಿ ಉದ್ದ ಸ್ಟಡ್ ಕಚ್ಚಿಕೊಂಡು ಕೂರುತ್ತದೆ. ಮೈ ತಿರುಗಿದರೂ ಪಾದ ತಿರುಗದು, ಆ ತಿರುಚೆಲ್ಲ ಮಂಡಿಗೆ.

ಪಂದ್ಯದ ಹನ್ನೆರಡನೇ ನಿಮಿಷ. ಕಾರ್ನರ್ ಕಿಕ್‌ಗೆ ಇಬ್ಬರು ಒಟ್ಟಿಗೆ ಹಾರಿದರು, ತಲೆಗೆ ತಲೆ ಹೊಡೆಯಿತು. ಒಬ್ಬ ಎದ್ದು ನಿಂತ, ಆದರೆ ತನ್ನ ಗೋಲು ಯಾವ ಕಡೆ ಎಂದು ಸುತ್ತ ನೋಡುತ್ತಿದ್ದಾನೆ. ಕೋಚ್ ಅವನನ್ನು ಹೊರಗೆ ಕೂರಿಸಿದರು.

‘ಏನಾಗಿಲ್ಲ ಸರ್, ಎದ್ದು ನಿಂತ್ನಲ್ಲ! ನೀರ್ ಹಾಕ್ಕೊಂಡ್ ಆಡ್ತಾನೆ,’ ಎಂದರು ತಂದೆ.

‘ಇವತ್ತು ಇಲ್ಲ ಸರ್. ಡಾಕ್ಟರ್ ಹತ್ರ ಕರ್ಕೊಂಡ್ ಹೋಗಿ.’

ಜಗಳ ಐದು ನಿಮಿಷ ನಡೆಯಿತು. ಮಿದುಳು ಅಲುಗಿದ ಅನುಮಾನ ಬಂದರೂ ಸಾಕು, ಆ ದಿನ ಮತ್ತೆ ಒಳಗೆ ಬಿಡಬಾರದು. ಮೊದಲ ಪೆಟ್ಟು ಮಾಯುವ ಮುಂಚೆ ಬೀಳುವ ಎರಡನೆಯದು ಎಳೆಯ ಮಿದುಳಿಗೆ ಬಹಳ ಕೆಟ್ಟದ್ದು. ಅಮೆರಿಕದಲ್ಲಿ 2015ರಲ್ಲೇ ಹತ್ತು ವರ್ಷ ಮತ್ತು ಅದಕ್ಕಿಂತ ಕೆಳಗಿನವರಿಗೆ ಚೆಂಡನ್ನು ತಲೆಯಿಂದ ಹೊಡೆಯುವ ಹೆಡ್ಡಿಂಗ್ ನಿಲ್ಲಿಸುವುದಾಗಿ ಹೇಳಿದರು. ನಮ್ಮಲ್ಲಿ ಇನ್ನೂ ಅಪ್ಪಂದಿರ ಜೊತೆ ವಾದ ಮಾಡಬೇಕು.

ಪಂದ್ಯ ಮುಗಿದ ಮೇಲೆ ಹನ್ನೆರಡರ ಹುಡುಗನೊಬ್ಬ ಬೂಟು ಬಿಚ್ಚಿ ತುದಿಗಾಲಲ್ಲಿ ನಡೆಯುತ್ತಿದ್ದ. ಹಿಮ್ಮಡಿ ನೋವು, ಎರಡು ತಿಂಗಳಿಂದ. ತಾಯಿ ಸ್ಪ್ರೇ ಹೊಡೆಸಿದ್ದಾರೆ, ಉಳುಕು ತೆಗೆಸಿದ್ದಾರೆ, ಯಾರೋ ಪುತ್ತೂರು ಕಟ್ಟಿನ ಅಂಗಡಿಗೂ ಕಳಿಸಿದ್ದಾರೆ. ಈ ವಯಸ್ಸಿನಲ್ಲಿ ಮೂಳೆ ಮುಂದೆ ಓಡುತ್ತದೆ, ಸ್ನಾಯು ಹಿಂದೆ ಬೀಳುತ್ತದೆ. ಬಿಗಿಯಾದ ಮೀನಖಂಡ, ಹಿಮ್ಮಡಿಯಲ್ಲಿ ಇನ್ನೂ ಗಟ್ಟಿಯಾಗದ ಬೆಳವಣಿಗೆಯ ಎಲುಬನ್ನು ಒಂದೇ ಸಮನೆ ಜಗ್ಗುತ್ತದೆ. ಮಂಡಿಯ ಕೆಳಗೆ ಗುಬುಟು ಬಂದು ನೋಯುವುದೂ ಇದೇ ಕಾರಣಕ್ಕೆ. ಒತ್ತಿ ನೀವಿದರೆ ಅದು ಹೋಗುವುದಿಲ್ಲ. ಆಟ ಕಡಿಮೆ ಮಾಡಿ, ಮೀನಖಂಡ ಹಿಗ್ಗಿಸುವ ವ್ಯಾಯಾಮ ಮಾಡಿಸಿದರೆ ಹೋಗುತ್ತದೆ. ಬಿದ್ದು ಊತ ಬಂದಿದ್ದರೆ ಮಾತ್ರ ಕಟ್ಟು ಹಾಕಿಸುವ ಮುಂಚೆ ಎಕ್ಸ್‌ರೇ. ಮಕ್ಕಳಲ್ಲಿ ಉಳುಕಿನಂತೆ ಕಂಡದ್ದು ಬೆಳವಣಿಗೆಯ ಜಾಗದ ಬಿರುಕಾಗಿರಬಹುದು.

‘ವಾರಕ್ಕೆ ಎಷ್ಟು ಗಂಟೆ ಆಡ್ತಾನೆ ಮೇಡಂ?’ ಎಂದು ಕೋಚ್ ಕೇಳಿದರು.

ತಾಯಿ ಬೆರಳು ಮಡಚಿದರು. ಶಾಲೆಯ ತಂಡ, ಇಲ್ಲಿನ ಪ್ರಾಕ್ಟೀಸು, ಶನಿವಾರ ಗೆಳೆಯರ ಜೊತೆ ಟರ್ಫು, ಭಾನುವಾರ ಟೂರ್ನಮೆಂಟು. ಹದಿನಾರಾಯಿತು.

‘ವಯಸ್ಸು ಹನ್ನೆರಡಾದ್ರೆ ಹನ್ನೆರಡು ಗಂಟೆಗಿಂತ ಜಾಸ್ತಿ ಬೇಡ. ವಾರದಲ್ಲಿ ಒಂದ್ ದಿನ ಏನೂ ಬೇಡ. ಟರ್ಫ್ ಬಿಡ್ಸಿ, ಶಾಲೇದೂ ಸ್ವಲ್ಪ ದಿನ ನಿಲ್ಸಿ.’

‘ಟರ್ಫ್ ಬಿಡಿಸ್ತೀನಿ. ಶಾಲೆ ಪಿ.ಟಿ. ಸರ್ ಒಪ್ಪಲ್ಲ, ಇಂಟರ್‌ಸ್ಕೂಲ್ ಹತ್ರ ಬಂತಂತೆ.’

‘ಅವರ ನಂಬರ್ ಕೊಡಿ, ನಾನೇ ಮಾತಾಡ್ತೀನಿ.’