ಡರ್ಬಿಯ ಸ್ಟೀವ್ ಬ್ಲೂಮರ್

ಕ್ರಿಕೆಟ್ಟಿನಲ್ಲಿ ಓಟಗಳು ನೂರುಗಟ್ಟಲೆ ಕೂಡುತ್ತವೆ. ಸಮರ್ಥನಾದ ದಾಂಡಿಗನೊಬ್ಬನು ಬೆಳಗಿನಿಂದ ಸಂಜೆಯೊಳಗೆ ಶತಕವನ್ನು ಪೂರೈಸಿ ನೆಮ್ಮದಿಯಿಂದ ಮನೆಗೆ ಹೋಗಬಹುದು. ಕಾಲ್ಚೆಂಡಿನ ಲೆಕ್ಕ ಹಾಗಲ್ಲ. ಇಪ್ಪತ್ತೆರಡು ಜನ ತೊಂಬತ್ತು ನಿಮಿಷಗಳ ಕಾಲ ಕೆಸರಿನಲ್ಲಿ ಓಡಿ, ಬಿದ್ದು, ಎದ್ದು, ಮೈಯ ಕಸುವನ್ನೆಲ್ಲ ಬಸಿದು ಆಡಿದ ಮೇಲೆ ದೊರೆಯುವ ಫಲ ಒಂದೋ ಎರಡೋ ಗೋಲು. ಎಷ್ಟೋ ವೇಳೆ ಅದೂ ಇಲ್ಲ. ಇಂಥ ಆಟದಲ್ಲಿ, 1892ರಿಂದ 1914ರವರೆಗೆ, ಇಂಗ್ಲೆಂಡಿನ ಲೀಗ್ ಪಂದ್ಯಗಳಲ್ಲಿ 598 ಬಾರಿ ಕಣಕ್ಕಿಳಿದು 352 ಗೋಲುಗಳನ್ನು ಹೊಡೆದವನು ಸ್ಟೀವ್ ಬ್ಲೂಮರ್. ಆತನ ಪಾಲಿಗೆ ಬಂದ ಪಾರಿತೋಷಕಗಳನ್ನು ಎಣಿಸಹೊರಟರೆ ಒಂದು ಕೈಯ ಬೆರಳುಗಳೂ ಹೆಚ್ಚಾಗುತ್ತವೆ. ಆದರೂ ಆ ಕಾಲದ ಆಟಗಾರರಲ್ಲಿ ನನ್ನ ಮನಸ್ಸು ಮತ್ತೆ ಮತ್ತೆ ಹೋಗಿ ನಿಲ್ಲುವುದು ಈತನ ಬಳಿಯಲ್ಲಿಯೇ. ಏಕೆಂದರೆ ಗೋಲು ಹೊಡೆಯುವುದನ್ನು ಆತ ದೈವದತ್ತವಾದ ಚಮತ್ಕಾರವೆಂದು ಮೆರೆಯಿಸಲಿಲ್ಲ, ಬಡಗಿಯೋ ಕಮ್ಮಾರನೋ ತನ್ನ ಕೆಲಸವನ್ನು ನಡೆಸುವಂತೆ ಕಸುಬಾಗಿ ನಡೆಸಿದನು.

ಕಮ್ಮಾರನ ಹೆಸರನ್ನೆತ್ತಿದ್ದು ಕೇವಲ ಉಪಮೆಗಾಗಿ ಅಲ್ಲ. 1874ರ ಜನವರಿ 20ರಂದು ವುಸ್ಟರ್‌ಷೈರ್ ಪ್ರಾಂತದ ಕ್ರ್ಯಾಡ್ಲಿ ಎಂಬಲ್ಲಿ ಆತ ಹುಟ್ಟಿದ್ದು ಕಬ್ಬಿಣವನ್ನೇ ನಂಬಿ ಬದುಕುತ್ತಿದ್ದ ಮನೆಯಲ್ಲಿ. ಮಗು ಇನ್ನೂ ಚಿಕ್ಕದಿರುವಾಗಲೇ ಆ ಸಂಸಾರ ಕೆಲಸವನ್ನರಸಿ ಡರ್ಬಿ ನಗರಕ್ಕೆ ಬಂದು ನೆಲೆಸಿತು. ಡರ್ಬಿ ಆಗ ಮಿಡ್ಲೆಂಡ್ ರೈಲ್ವೆಯ ಕೇಂದ್ರಸ್ಥಾನ. ಎಂಜಿನ್ನುಗಳ ಹೊಗೆ, ಎರಕದ ಕಾರ್ಖಾನೆಗಳ ಕಾವು, ಸಾಲುಸಾಲಾಗಿ ಕಟ್ಟಿದ ಕೂಲಿಕಾರರ ಇಟ್ಟಿಗೆಯ ಮನೆಗಳು, ಇವುಗಳ ನಡುವೆ ಬೆಳೆದ ಹುಡುಗ ಕುಲುಮೆಯ ಕೆಲಸವನ್ನು ಕಲಿತು, ಸುತ್ತಿಗೆ ಹಿಡಿದು, ಲೇ ಎಂಬ ಉದ್ಯಮಿಯ ಎರಕದ ಕಾರ್ಖಾನೆಯಲ್ಲಿ ದುಡಿಯತೊಡಗಿದನು. ಆಟ ಉಳಿದ ಹೊತ್ತಿನದು.

ಆಟವನ್ನು ಹೊಟ್ಟೆಯ ಪಾಡಿಗಾಗಿ ಆಡಬಹುದೆಂಬುದೇ ಆಗ ಇಂಗ್ಲೆಂಡಿಗೆ ಹೊಸ ಮಾತು. ದೊಡ್ಡ ಮನೆತನಗಳ ಶಾಲೆಗಳಲ್ಲಿ ನಿಯಮಬದ್ಧವಾದ ಕಾಲ್ಚೆಂಡಾಟ, ಗಿರಣಿಯ ಕೂಲಿಕಾರರಿಗೆ ಶನಿವಾರದ ಅರ್ಧದಿನ ರಜೆ ದೊರೆತ ಮೇಲೆ, ಉತ್ತರ ಮತ್ತು ಮಧ್ಯ ಇಂಗ್ಲೆಂಡಿನ ಕೈಗಾರಿಕಾ ನಗರಗಳಲ್ಲಿ ಕಾಳ್ಗಿಚ್ಚಿನಂತೆ ಹಬ್ಬಿತು. ಸಂಬಳ ಕೊಟ್ಟು ಆಡಿಸುವುದಕ್ಕೆ 1885ರಲ್ಲಿ ಸಮ್ಮತಿ ದೊರೆಯಿತು. 1888ರಲ್ಲಿ ಹನ್ನೆರಡು ತಂಡಗಳು ಕೂಡಿ ಲೀಗನ್ನು ಸ್ಥಾಪಿಸಿದವು. ಆ ಹನ್ನೆರಡರಲ್ಲಿ ಡರ್ಬಿ ಕೌಂಟಿಯೂ ಒಂದು. ಬ್ಲೂಮರ್ ಆ ತಂಡಕ್ಕೆ ಸೇರಿ 1892ರ ಸೆಪ್ಟೆಂಬರಿನಲ್ಲಿ ಮೊದಲ ಲೀಗ್ ಪಂದ್ಯವನ್ನಾಡಿದಾಗ ಆತನಿಗಿನ್ನೂ ಹದಿನೆಂಟು ವರ್ಷ. ವಾರದ ಸಂಬಳ ಏಳು ಷಿಲ್ಲಿಂಗ್ ಆರು ಪೆನ್ಸ್. ಆಳು ನೋಡಿದರೆ ಕೃಶ, ಎತ್ತರ ಸಾಧಾರಣ, ಮುಖ ರಕ್ತವಿಲ್ಲದವನಂತೆ ಬಿಳಿಚಿಕೊಂಡದ್ದು. ಜನ ಪ್ರೀತಿಯಿಂದ ‘ಬಿಳಿಮುಖದವ’ ಎಂದು ಕರೆದರು. ಎದುರಾಳಿಗಳ ಗೋಲಿಗೆ ಆ ಮುಖ ಎಷ್ಟು ಅಪಶಕುನವಾದದ್ದೆಂಬುದು ತಿಳಿಯುವುದಕ್ಕೆ ಹೆಚ್ಚು ಕಾಲ ಹಿಡಿಯಲಿಲ್ಲ.

ಆತನ ಹೊಡೆತದ ರಹಸ್ಯವನ್ನು ಸ್ವಲ್ಪ ಹತ್ತಿರ ನಿಂತು ನೋಡಬೇಕು. ಸಾಮಾನ್ಯವಾಗಿ ಚೆಂಡನ್ನು ಬಲವಾಗಿ ಒದೆಯಬೇಕಾದವನು ಮೊದಲು ಕಾಲನ್ನು ಹಿಂದಕ್ಕೆಳೆದುಕೊಳ್ಳುತ್ತಾನೆ. ಆ ಎಳೆತವೇ ಗೋಲ್‌ಕೀಪರನಿಗೆ ಮುನ್ಸೂಚನೆ. ಭುಜದ ವಾಲುವಿಕೆ, ಮಂಡಿಯ ಮಡಿಕೆ, ಕಣ್ಣು ಹಾಯುವ ದಿಕ್ಕು ಇವೆಲ್ಲವನ್ನೂ ಓದಿಕೊಂಡು ಅವನು ಒಂದು ಕ್ಷಣ ಮೊದಲೇ ಆ ಕಡೆಗೆ ಜಿಗಿದಿರುತ್ತಾನೆ. ಬ್ಲೂಮರ್ ಹಾಗೆ ಹಿಂದಕ್ಕೆಳೆದುಕೊಳ್ಳುತ್ತಲೇ ಇರಲಿಲ್ಲ. ಓಡುತ್ತಿದ್ದ ಹೆಜ್ಜೆಯ ಲಯವನ್ನು ಕೆಡಿಸದೆ, ಮುಂದಿಟ್ಟ ಹೆಜ್ಜೆಯನ್ನೇ ಹೊಡೆತವಾಗಿಸಿ, ಬೂಟಿನ ತುದಿಯಿಂದ ಚೆಂಡನ್ನು ಚಿಮ್ಮಿಸಿಬಿಡುತ್ತಿದ್ದನು. ಅದು ಎಡಗಾಲಾದರೂ ಸರಿಯೆ, ಬಲಗಾಲಾದರೂ ಸರಿಯೆ. ಚೆಂಡು ಮೇಲಕ್ಕೇಳದೆ ಹುಲ್ಲಿನ ತುದಿಗಳನ್ನು ಸವರಿಕೊಂಡು ಕಂಬದ ಬುಡಕ್ಕೆ ಹೋಗುತ್ತಿತ್ತು. ಗೋಲ್‌ಕೀಪರ್ ಬಾಗುವುದರೊಳಗೆ ಕೆಲಸ ಮುಗಿದಿರುತ್ತಿತ್ತು. ಅಂದಿನ ಚೆಂಡೆಂದರೆ ದಪ್ಪ ತೊಗಲಿನ, ದಾರದ ಹೊಲಿಗೆಯ ಬಾಯಿಯುಳ್ಳ, ಮಳೆಯಲ್ಲಿ ನೆನೆದರೆ ನೀರು ಕುಡಿದು ಭಾರವಾಗುವ ವಸ್ತು. ಅಂಥದನ್ನು ಕಾಲು ಬೀಸದೆಯೇ ಅಷ್ಟು ವೇಗದಿಂದ ಕಳುಹಿಸಬೇಕಾದರೆ ಬಲಕ್ಕಿಂತ ಸಮಯಪ್ರಜ್ಞೆ ದೊಡ್ಡದಾಗಿರಬೇಕು. ಕಾದ ಕಬ್ಬಿಣದ ಮೇಲೆ ಪೆಟ್ಟು ಬೀಳಬೇಕಾದ ಕ್ಷಣವನ್ನು ಅರಿತವನಿಗೆ ಇದು ಸಹಜವಾಗಿ ಒಲಿಯಿತೇನೋ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಇದರ ಮೇಲೆ ಅಂದಿನ ನಿಯಮಗಳ ಕಟ್ಟು ಬೇರೆ. ಆಫ್‌ಸೈಡ್ ನಿಯಮದಂತೆ ಇಂದು ಮುಂದೆ ನುಗ್ಗಿದ ಆಟಗಾರನಿಗೂ ಗೋಲಿನ ಗೆರೆಗೂ ನಡುವೆ ಎದುರಾಳಿಗಳಲ್ಲಿ ಇಬ್ಬರಿದ್ದರೆ ಸಾಕು, 1925ರವರೆಗೆ ಮೂವರಿರಬೇಕಾಗಿತ್ತು. ಎಂದರೆ ಕಾವಲಿನವರ ಬೆನ್ನ ಹಿಂದೆ ಹೊಂಚಿ ನಿಲ್ಲುವ ಸೌಲಭ್ಯ ಅಂದಿನ ಮುಂಪಡೆಯವನಿಗೆ ಇರಲೇ ಇಲ್ಲ. 1912ರವರೆಗೆ ಗೋಲ್‌ಕೀಪರನು ಮೈದಾನದ ತನ್ನ ಅರ್ಧಭಾಗದಲ್ಲೆಲ್ಲ ಚೆಂಡನ್ನು ಕೈಯಿಂದ ಮುಟ್ಟಬಹುದಾಗಿತ್ತು. ಬ್ಲೂಮರ್ ಆಡುತ್ತಿದ್ದ ಸ್ಥಾನಕ್ಕೆ ಇನ್‌ಸೈಡ್ ರೈಟ್ ಎಂದು ಹೆಸರು. ಐದು ಮಂದಿಯ ಮುಂಪಡೆಯಲ್ಲಿ ನಟ್ಟನಡುವಿನವನಿಗೂ ಬಲ ಅಂಚಿನವನಿಗೂ ಮಧ್ಯದ ಜಾಗ ಅದು. ಆ ಸ್ಥಾನದ ಸೂಕ್ಷ್ಮಗಳನ್ನು ಕಲಿಯುವುದಕ್ಕೆ ಆತನಿಗೆ ದೊರೆತ ಗುರುವೂ ದೊಡ್ಡವನೇ. 1889ರಲ್ಲಿ ಒಂದೇ ಋತುವಿನಲ್ಲಿ ಲೀಗನ್ನೂ ಎಫ್.ಎ. ಕಪ್ಪನ್ನೂ ಗೆದ್ದ ಪ್ರೆಸ್ಟನ್ ತಂಡದಿಂದ ಡರ್ಬಿಗೆ ಬಂದಿದ್ದ ಜಾನ್ ಗುಡಾಲ್, ಈ ಹುಡುಗನನ್ನು ಪಕ್ಕದಲ್ಲಿಟ್ಟುಕೊಂಡು ಆಡಿಸಿ ತಿದ್ದಿದನು.

ಆಮೇಲಿನದು ಗೋಲುಗಳ ಸುರಿಮಳೆ. 1896ರಿಂದ 1904ರೊಳಗೆ ಐದು ಋತುಗಳಲ್ಲಿ, ಒಮ್ಮೆ ಮತ್ತೊಬ್ಬನ ಸಮಸಮವಾಗಿ, ಆತನೇ ಲೀಗಿನ ಮೇಲಿನ ದರ್ಜೆಯಾದ ಮೊದಲ ಡಿವಿಜನ್ನಿನ ಅಗ್ರಗಣ್ಯ ಗೋಲುದಾರ. 1899ರ ಜನವರಿಯಲ್ಲಿ ಷೆಫೀಲ್ಡ್‌ನ ವೆಡ್ನೆಸ್‌ಡೇ ತಂಡವನ್ನು ಡರ್ಬಿ 9–0 ಅಂತರದಲ್ಲಿ ಸೋಲಿಸಿದಾಗ ಅದರಲ್ಲಿ ಆರು ಬ್ಲೂಮರನವು. ಇಂಗ್ಲೆಂಡಿನ ಪರವಾಗಿ ಆತ ಮೊದಲು ಆಡಿದ್ದು 1895ರ ಮಾರ್ಚಿಯಲ್ಲಿ, ಐರ್ಲೆಂಡಿನ ವಿರುದ್ಧ, ತನ್ನ ಡರ್ಬಿಯಲ್ಲಿಯೇ; ಎರಡು ಗೋಲುಗಳೊಡನೆ ಆರಂಭಿಸಿ, ಮೊದಲ ಹತ್ತು ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಒಂದರಲ್ಲಿಯೂ ಬರಿಗೈಯಲ್ಲಿ ಹಿಂದಿರುಗದೆ 19 ಗೋಲುಗಳನ್ನು ಕೂಡಿಸಿದನು. 1896ರಲ್ಲಿ ಕಾರ್ಡಿಫ್‌ನಲ್ಲಿ ವೇಲ್ಸಿನ ವಿರುದ್ಧ ಐದು, 1901ರಲ್ಲಿ ಅದೇ ವೇಲ್ಸಿನ ವಿರುದ್ಧ ನಾಲ್ಕು. ಒಟ್ಟು 23 ಪಂದ್ಯಗಳಲ್ಲಿ 28. ಎದುರಾಳಿಗಳು ಸ್ಕಾಟ್ಲೆಂಡ್, ವೇಲ್ಸ್, ಐರ್ಲೆಂಡ್ ಈ ಮೂವರೇ. ಇಂಗ್ಲೆಂಡಿನ ತಂಡ ಸಮುದ್ರ ದಾಟಿ ಪರದೇಶದ ತಂಡಗಳೊಡನೆ ಆಡತೊಡಗಿದ್ದು 1908ರಲ್ಲಿ, ಬ್ಲೂಮರನ ಕೊನೆಯ ಅಂತರರಾಷ್ಟ್ರೀಯ ಪಂದ್ಯವಾದ ಮರುವರ್ಷ.

ಇಷ್ಟಾದರೂ ದೊಡ್ಡ ಪಾರಿತೋಷಕವೊಂದು ಆತನ ಕೈಗೆ ಬರಲಿಲ್ಲ. 1896ರಲ್ಲಿ ಡರ್ಬಿ ಲೀಗಿನಲ್ಲಿ ಎರಡನೆಯ ಸ್ಥಾನಕ್ಕೆ ನಿಂತಿತು. 1898ರ ಎಫ್.ಎ. ಕಪ್ ಅಂತಿಮ ಪಂದ್ಯದಲ್ಲಿ ನೆರೆಯೂರಿನ ನಾಟಿಂಗ್‌ಹ್ಯಾಮ್ ಫಾರೆಸ್ಟಿನೆದುರು 3–1ರಿಂದ ಸೋತಾಗ ಡರ್ಬಿಯ ಒಂದೇ ಗೋಲನ್ನು ಹೊಡೆದವನು ಆತ. ಮರುವರ್ಷ ಷೆಫೀಲ್ಡ್ ಯುನೈಟೆಡ್‌ನೆದುರು 4–1ರ ಸೋಲು. 1903ರಲ್ಲಿ, ಗಾಯಗೊಂಡು ಆತ ಹೊರಗುಳಿದಿದ್ದಾಗ, ಬರಿ ಎಂಬ ಊರಿನ ತಂಡದ ಕೈಯಲ್ಲಿ 6–0ರ ಸೋಲು. ಊರಿನ ಜನ ಇದಕ್ಕೊಂದು ಕಾರಣವನ್ನು ಕಂಡುಕೊಂಡಿದ್ದರು. ಅಮೆರಿಕದಿಂದ ಬೇಸ್‌ಬಾಲ್ ಆಟದ ಹುಚ್ಚನ್ನು ಹತ್ತಿಸಿಕೊಂಡು ಬಂದ ಉದ್ಯಮಿ ಲೇ, ಆ ಆಟಕ್ಕಾಗಿ ಸಿದ್ಧಪಡಿಸಿದ ಮೈದಾನಕ್ಕೆ ಡರ್ಬಿ ತಂಡ 1895ರಲ್ಲಿ ಬಂದು ನೆಲೆಸಿತಷ್ಟೆ; ಆ ನೆಲದಲ್ಲಿ ಬೀಡುಬಿಟ್ಟಿದ್ದ ಅಲೆಮಾರಿಗಳನ್ನು ಎಬ್ಬಿಸಿದ್ದರಿಂದ ಅವರು ಹೋಗುವಾಗ ಶಾಪ ಹಾಕಿದರೆಂದೂ, ಆದ್ದರಿಂದಲೇ ಕಪ್ ದಕ್ಕಲಿಲ್ಲವೆಂದೂ ಪ್ರತೀತಿ. ಕಪ್ ದಕ್ಕಿದ್ದು 1946ರಲ್ಲಿ. ಆ ವೇಳೆಗೆ ಬ್ಲೂಮರ್ ಇರಲಿಲ್ಲ. ಅದೇ ಮೈದಾನದಲ್ಲಿ ಆತ ಡರ್ಬಿಯ ಬೇಸ್‌ಬಾಲ್ ತಂಡಕ್ಕೂ ಆಡಿ ರಾಷ್ಟ್ರೀಯ ಪ್ರಶಸ್ತಿ ಗೆದ್ದಿದ್ದನೆಂಬುದನ್ನು ಇಲ್ಲಿಯೇ ಹೇಳಿಬಿಡಬೇಕು.

1906ರ ಮಾರ್ಚಿಯಲ್ಲಿ ಡರ್ಬಿಯ ಆಡಳಿತಗಾರರು, ಹಣದ ಮುಗ್ಗಟ್ಟಿನಲ್ಲಿ ಸಿಕ್ಕಿ, ತಮ್ಮ ಊರಿನ ಆರಾಧ್ಯಪುರುಷನನ್ನು 750 ಪೌಂಡುಗಳಿಗೆ ಮಿಡಲ್ಸ್‌ಬರೋ ತಂಡಕ್ಕೆ ಮಾರಿದರು. ಮಾರಾಟವೆಂಬ ಮಾತು ಕಿವಿಗೆ ಕಟುವಾದರೂ ವಸ್ತುಸ್ಥಿತಿಗೆ ಅದೇ ಸರಿಯಾದ ಮಾತು. 1901ರಿಂದ ಲೀಗಿನ ಯಾವ ಆಟಗಾರನಿಗೂ ವಾರಕ್ಕೆ ನಾಲ್ಕು ಪೌಂಡಿಗಿಂತ ಹೆಚ್ಚು ಸಂಬಳ ಕೊಡಕೂಡದೆಂಬ ಕಟ್ಟಳೆಯಿತ್ತು. ಆಟಗಾರನೊಬ್ಬ ಒಂದು ತಂಡದಿಂದ ಇನ್ನೊಂದಕ್ಕೆ ಹೋಗುವಾಗ ನೂರಾರು ಪೌಂಡುಗಳು ಕೈ ಬದಲಾಯಿಸುತ್ತಿದ್ದುದು ತಂಡಗಳ ನಡುವೆ. ಸಹಸ್ರಾರು ಜನರನ್ನು ಶನಿವಾರದ ಮಧ್ಯಾಹ್ನ ಟಿಕೆಟ್ ಕೊಂಡು ಬರುವಂತೆ ಮಾಡಿದವನಿಗೂ, ಮೀಸಲು ತಂಡದಲ್ಲಿ ಆಡುತ್ತಿದ್ದವನಿಗೂ ಒಂದೇ ಮೇಲ್ಮಿತಿ. ಇದನ್ನು ಅನ್ಯಾಯವೆಂದಲ್ಲದೆ ಬೇರೆ ಹೇಗೆ ಕರೆಯಲಿ? ಬ್ಲೂಮರನನ್ನು ಪಡೆದ ಮಿಡಲ್ಸ್‌ಬರೋ ಕೆಳಗಿನ ಡಿವಿಜನ್ನಿಗೆ ಜಾರದೆ ಉಳಿಯಿತು. ಕಳೆದುಕೊಂಡ ಡರ್ಬಿ ಮರುವರ್ಷವೇ ಜಾರಿತು. 1910ರಲ್ಲಿ ಮೂವತ್ತಾರರ ಆಟಗಾರನನ್ನು ಡರ್ಬಿ ಮರಳಿ ಕರೆಸಿಕೊಂಡಿತು. ಆತನ ನಾಯಕತ್ವದಲ್ಲಿ ತಂಡ 1912ರಲ್ಲಿ ಎರಡನೆಯ ಡಿವಿಜನ್ನಿನ ಪ್ರಥಮಸ್ಥಾನವನ್ನು ಗೆದ್ದು ಮೇಲಕ್ಕೇರಿತು. 1914ರಲ್ಲಿ, ನಲವತ್ತು ತುಂಬಿದಾಗ, ಬ್ಲೂಮರ್ ಆಟವನ್ನು ಬಿಟ್ಟನು.

ಬಿಟ್ಟ ಕೆಲವೇ ತಿಂಗಳುಗಳಲ್ಲಿ ವಿಧಿ ಆತನನ್ನು ವಿಲಕ್ಷಣವಾದೊಂದು ಮೈದಾನಕ್ಕೆ ಕರೆದೊಯ್ದಿತು. ಬರ್ಲಿನ್ನಿನ ಬ್ರಿಟಾನಿಯಾ ತಂಡಕ್ಕೆ ತರಬೇತುದಾರನಾಗಿ ಆತ ಜರ್ಮನಿಗೆ ಹೋದದ್ದು 1914ರ ಜುಲೈಯಲ್ಲಿ. ಆಗಸ್ಟಿನಲ್ಲಿ ಮಹಾಯುದ್ಧ ಹೊತ್ತಿಕೊಂಡಿತು. ಜರ್ಮನಿಯಲ್ಲಿದ್ದ ಬ್ರಿಟಿಷ್ ಗಂಡಸರನ್ನೆಲ್ಲ ನವೆಂಬರಿನಲ್ಲಿ ಒಟ್ಟುಗೂಡಿಸಿ ಬರ್ಲಿನ್ನಿನ ಹೊರವಲಯದ ರೂಲೆಬೆನ್ ಎಂಬಲ್ಲಿ ಕೂಡಿಹಾಕಿದರು. ಅದು ಕುದುರೆ ಪಂದ್ಯದ ಮೈದಾನ. ನಾಲ್ಕು ಸಾವಿರಕ್ಕೂ ಮಿಕ್ಕಿದ ಜನರಿಗೆ ವಸತಿಯಾದದ್ದು ಕುದುರೆಗಳ ಲಾಯ: ಒಂದು ಕುದುರೆ ನಿಲ್ಲುತ್ತಿದ್ದ ಅಂಕಣದಲ್ಲಿ ಆರು ಜನ; ಉಳಿದವರು ಮೇಲೆ, ಹುಲ್ಲು ತುಂಬಿಡುತ್ತಿದ್ದ ಅಟ್ಟದಲ್ಲಿ. ಹಡಗಿನ ಕಲಾಸಿಗಳು, ವರ್ತಕರು, ಸಂಗೀತಗಾರರು, ವಿದ್ಯಾರ್ಥಿಗಳು ಎಲ್ಲ ವರ್ಗದವರೂ ಅಲ್ಲಿದ್ದರು. ಮುಂದೆ ನ್ಯೂಟ್ರಾನನ್ನು ಕಂಡುಹಿಡಿದು ನೊಬೆಲ್ ಪಾರಿತೋಷಕ ಪಡೆದ ಜೇಮ್ಸ್ ಚಾಡ್ವಿಕ್ ಲಾಯದಲ್ಲಿಯೇ ಪುಟ್ಟ ಪ್ರಯೋಗಶಾಲೆಯನ್ನು ಹೂಡಿಕೊಂಡಿದ್ದನು. ನಾಟಕ, ವಾಚನಾಲಯ, ಪಾಠಪ್ರವಚನ ಎಲ್ಲವನ್ನೂ ಬಂದಿಗಳು ತಾವೇ ಕಟ್ಟಿಕೊಂಡರು.

ಕಾಲ್ಚೆಂಡಾಟಕ್ಕಂತೂ ಅಲ್ಲಿ ಬರವಿರಲಿಲ್ಲ, ಏಕೆಂದರೆ ಬ್ಲೂಮರನಂತೆಯೇ ಜರ್ಮನಿಗೆ ಕಲಿಸಲು ಹೋಗಿ ಸಿಕ್ಕಿಬಿದ್ದ ಹೆಸರಾಂತ ಆಟಗಾರರು ಹಲವರಿದ್ದರು. ಟಾಟನ್‌ಹ್ಯಾಮ್ ತಂಡದ ಹಳೆಯ ಕಲಿ ಜಾನ್ ಕ್ಯಾಮರನ್ ಕಾರ್ಯದರ್ಶಿಯಾಗಿ ಒಂದು ಸಂಘವೇ ಏರ್ಪಟ್ಟಿತು. ಪಂದ್ಯದ ಮೈದಾನದ ಒಂದು ಭಾಗ ಆಟಕ್ಕೆ ದೊರೆತ ಮೇಲೆ ಲಾಯ ಲಾಯಗಳ ನಡುವೆ ಲೀಗೂ ಕಪ್ಪೂ ನಡೆದವು. ನಲವತ್ತು ದಾಟಿದ ಬ್ಲೂಮರ್ ಮತ್ತೆ ಬೂಟು ಕಟ್ಟಿದನು. ಬೇಸಿಗೆಯಲ್ಲಿ ಕ್ರಿಕೆಟ್ ದಾಂಡನ್ನೂ ಹಿಡಿದನು. ಅರೆಹೊಟ್ಟೆ, ಚಳಿ, ಮುಳ್ಳುತಂತಿಯ ಬೇಲಿ, ಮನೆಯಿಂದ ಬಾರದ ಕಾಗದ, ಇವುಗಳ ನಡುವೆ ಸಾವಿರಾರು ಬಂದಿಗಳು ಮೈದಾನದ ಅಂಚಿನಲ್ಲಿ ನೆರೆದು, ತಾವು ಹುಡುಗರಾಗಿದ್ದಾಗ ಹೆಸರು ಕೇಳಿ ಬೆಳೆದ ಆಟಗಾರನ ಆಟವನ್ನು ಕಣ್ಣಾರೆ ಕಂಡರು. ಇಂಗ್ಲೆಂಡಿನ ಪರವಾದ ಆ 28 ಗೋಲುಗಳಿಗಿಂತ ಈ ಲೆಕ್ಕಕ್ಕೆ ಸೇರದ ಗೋಲುಗಳೇ ಹೆಚ್ಚಿನ ಉಪಕಾರ ಮಾಡಿದುವೆಂದು ನಾನು ಭಾವಿಸುತ್ತೇನೆ. 1918ರ ಮಾರ್ಚಿಯಲ್ಲಿ ಬಿಡುಗಡೆಯಾಗಿ ಆತ ಹಾಲೆಂಡಿಗೆ ಹೊರಟಾಗ, ಬಂದಿಗಳು ಆತನ ಗೌರವಾರ್ಥವಾಗಿ ಬೀಳ್ಕೊಡುಗೆಯ ಪಂದ್ಯವನ್ನೇರ್ಪಡಿಸಿದರು.

ಯುದ್ಧಾನಂತರ ಆತ ಕಲಿಸುವವನಾಗಿ ಬಾಳಿದನು. 1923ರಲ್ಲಿ ಸ್ಪೇನಿಗೆ ಹೋಗಿ, ಫ್ರಾನ್ಸಿನ ಗಡಿಯ ಪುಟ್ಟ ಪಟ್ಟಣವಾದ ಇರೂನ್‌ನ ರಿಯಲ್ ಯೂನಿಯನ್ ತಂಡವನ್ನು ಕೈಗೆತ್ತಿಕೊಂಡನು. ಆ ತಂಡ 1924ರಲ್ಲಿ ಸ್ಪೇನಿನ ರಾಜನ ಹೆಸರಿನ ಕಪ್ಪಿನ ಅಂತಿಮ ಪಂದ್ಯದಲ್ಲಿ ರಿಯಲ್ ಮ್ಯಾಡ್ರಿಡ್ಡನ್ನು 1–0ರಿಂದ ಸೋಲಿಸಿತು. ತಾನಾಡಿ ಗೆಲ್ಲಲಾಗದ ಕಪ್ಪನ್ನು ಶಿಷ್ಯರಿಂದ, ಅದೂ ಪರದೇಶದಲ್ಲಿ, ಗೆಲ್ಲಿಸಿ ಡರ್ಬಿಗೆ ಹಿಂದಿರುಗಿದವನು ತನ್ನ ಹಳೆಯ ಮೈದಾನದ ಚಿಲ್ಲರೆ ಕೆಲಸಗಳನ್ನು ನೋಡಿಕೊಂಡು ಕಾಲ ಕಳೆದನು. ಆರೋಗ್ಯ ಕೆಟ್ಟಾಗ ಆತನನ್ನು ಆಸ್ಟ್ರೇಲಿಯ, ನ್ಯೂಜಿಲೆಂಡುಗಳ ಕಡೆಗೆ ಹಡಗಿನ ಪ್ರವಾಸಕ್ಕೆ ಕಳುಹಿಸಿಕೊಟ್ಟರು. ಅಲ್ಲಿಂದ ಮರಳಿದ ಕೆಲವೇ ವಾರಗಳಲ್ಲಿ, 1938ರ ಏಪ್ರಿಲ್ 16ರಂದು, ಡರ್ಬಿಯಲ್ಲಿ ತೀರಿಕೊಂಡನು. ಅಂತ್ಯವಿಧಿ ನಡೆದದ್ದು ಆ ನಗರದ ಮಹಾದೇವಾಲಯವಾದ ಕೆಥೆಡ್ರಲ್ಲಿನಲ್ಲಿ.

ದಾಖಲೆಗಳನ್ನು ಮುರಿಯುವವರು ಹುಟ್ಟಿಯೇ ಹುಟ್ಟುತ್ತಾರೆ. ಇಂಗ್ಲೆಂಡಿನ ಪರವಾದ ಆತನ ಲೆಕ್ಕವನ್ನು 1911ರಲ್ಲಿ ಒಂದು ಗೋಲಿನಿಂದ ದಾಟಿದ ವಿವಿಯನ್ ವುಡ್‌ವರ್ಡ್ ವೃತ್ತಿಯಿಂದ ವಾಸ್ತುಶಿಲ್ಪಿ, ಆಟಕ್ಕೆ ಕಾಸು ಮುಟ್ಟದ ಹವ್ಯಾಸಿ. ಲೀಗಿನ 352ನ್ನು 1936ರಲ್ಲಿ ಎವರ್ಟನ್ನಿನ ಡಿಕ್ಸಿ ಡೀನ್ ದಾಟಿದನು. ಮೊದಲ ಡಿವಿಜನ್ನಿನ ಗೋಲುಗಳನ್ನಷ್ಟೆ ಎಣಿಸಿದರೆ ಬ್ಲೂಮರನಿಗಿಂತ ಮುಂದಿರುವವನು ಜಿಮ್ಮಿ ಗ್ರೀವ್ಸ್ ಒಬ್ಬನೇ. ಡರ್ಬಿ ತಂಡ ಹಳೆಯ ಮೈದಾನವನ್ನು ಬಿಟ್ಟು ಹೊಸದಕ್ಕೆ ಹೋಗಿದೆ. ಅಲ್ಲಿ 2009ರಲ್ಲಿ ಆತನ ಎದೆಮಟ್ಟದ ಪ್ರತಿಮೆಯನ್ನು ಸ್ಥಾಪಿಸಿದ್ದಾರೆ. ತವರಿನ ಪಂದ್ಯಗಳಿಗೆ ಮುನ್ನ, ಸ್ಟೀವ್ ಬ್ಲೂಮರ್ ನೋಡುತ್ತಿದ್ದಾನೆಂಬ ಹಾಡು ಮೊಳಗುತ್ತದೆ. ಎಲ್ಲ ಸ್ಪರ್ಧೆಗಳನ್ನೂ ಸೇರಿಸಿ ಆ ತಂಡಕ್ಕಾಗಿ ಆತ ಹೊಡೆದ ಗೋಲುಗಳು 332. ಆತನ ಅನಂತರದ ಸ್ಥಾನದಲ್ಲಿರುವ ಕೆವಿನ್ ಹೆಕ್ಟರನವು 201.